ಚಿಕ್ಕಮ್ಮ ಕೂತರೆ ಆರುವ ದೀಪ

ನಮ್ಮ ಚಿಕ್ಕಪ್ಪ ರಿಪೇರಿ ಮಾಡಿದ ವಸ್ತು ಮತ್ತೆ ಕೆಟ್ಟ ಉದಾಹರಣೆ ಇಲ್ಲ. ಸರಿಯಾದರೆ ತಾನೆ ಮತ್ತೆ ಕೆಡುವುದು? ಒಮ್ಮೆ ಅವರು ಬಿಚ್ಚಿ ಜೋಡಿಸಿದ ಫ್ಯಾನು ಉಲ್ಟಾ ತಿರುಗಿ ಗಾಳಿಯನ್ನೆಲ್ಲ ಮೇಲೆ ಹಂಚಿನ ಮಾಡಿಗೆ ಕಳಿಸತೊಡಗಿತು. "ಮಾಡಿಗೂ ಸೆಕೆ ಆಗುದಿಲ್ವಾ?" ಎಂದರು. ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರಿಗೆ ವಯರಿಂಗ್ ಕಲಿಸಿದ್ದು ಯಾರೆಂದು ಕೇಳುವ ಧೈರ್ಯ ನಮಗಿಲ್ಲ.

ಕಡಬದ ಹತ್ತಿರ, ಕುಮಾರಧಾರೆಯ ದಡದಲ್ಲಿ ಅವರ ಮನೆ. ಚಿಕ್ಕಮ್ಮ ಆಚೆ ದಡದ ಹೆಂಗಸರಿಗೆ ಹೊಲಿಗೆ ಕಲಿಸುತ್ತಾರೆ. ಸೇತುವೆ ಸುತ್ತಿ ಹೋದರೆ ಒಂದು ಗಂಟೆ, ದೋಣಿಯಲ್ಲಾದರೆ ಹತ್ತು ನಿಮಿಷ. ಮಧ್ಯಾಹ್ನ ಹೋಗಿ ಮುಸ್ಸಂಜೆಗೆ ಬರುವುದು. ದೋಣಿ ನಡೆಸುವವರು ಚಿಕ್ಕಪ್ಪ. ಈಚೆಗೆ ಚಿಕ್ಕಮ್ಮನಿಗೆ ಮಬ್ಬುಗತ್ತಲಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ದೋಣಿಯಿಂದ ಇಳಿಯುವಾಗ ಕಾಲು ತಪ್ಪಿ ಸೊಂಟದ ಮಟ್ಟದ ನೀರಿಗೆ ಬಿದ್ದರು. "ಇನ್ನು ಕ್ಲಾಸು ಬೇಡ, ಸಾಕು" ಎಂದುಬಿಟ್ಟರು.

ಚಿಕ್ಕಪ್ಪ ಮರುದಿನ ಆಚೆ ದಡಕ್ಕೆ ಹೋಗಿ, ಕ್ಲಾಸಿಗೆ ಒಂದು ವಾರ ರಜೆ ಎಂದಷ್ಟೇ ತಿಳಿಸಿ, ಅಲ್ಲಿಂದಲೇ ಪುತ್ತೂರಿಗೆ ಬಸ್ಸು ಹತ್ತಿದರು. ಬರುವಾಗ ಎಲ್ಇಡಿ ಪಟ್ಟಿಯ ಸುರುಳಿ ಮತ್ತು ಒಂದು ಕಾರಿನ ಬ್ಯಾಟರಿ ಜೊತೆಗಿದ್ದವು.

ದೋಣಿಯ ಅಂಚಿಗೆಲ್ಲ ದೀಪ ಅಂಟಿಸಿದರು. ದೋಣಿ ಮದುವೆ ಮಂಟಪದಂತೆ ಬೆಳಗಿತು. ಚಿಕ್ಕಮ್ಮ ಹತ್ತಿ ತಮ್ಮ ಹಲಗೆಯ ಮೇಲೆ ಕೂತರು. ದೀಪ ಆರಿತು. ಎದ್ದರು. ಹತ್ತಿತು.

"ಇನ್ನೊಮ್ಮೆ ಕೂತ್ಕೊ."

ಆರಿತು.

"ಹಾಗಾದ್ರೆ ನಾನೆಂತ ಸ್ವಿಚ್ಚಾ?" ಎಂದರು ಚಿಕ್ಕಮ್ಮ.

ಬ್ಯಾಟರಿ ಬದಲಾಯಿತು, ಫ್ಯೂಸು ಬದಲಾಯಿತು, ದೀಪದ ಪಟ್ಟಿಯೂ ಬದಲಾಯಿತು. ಎಲೆಕ್ಟ್ರಿಷಿಯನ್ನನ್ನು ಕರೆಯೋಣವೇ ಎಂದೆ. "ಅವನಿಗೆ ನೆಲದ ಕರೆಂಟು ಗೊತ್ತುಂಟು. ಇದು ನೀರಿನ ಮೇಲಿನದ್ದು ಮಾರಾಯ." ನನ್ನನ್ನು ಕೂರಿಸಿದರು, ಆರಲಿಲ್ಲ. ನನ್ನ ತೂಕ ಸಾಲದು ಎಂದು ಹಳೆಯ ಅರೆಯುವ ಕಲ್ಲನ್ನು ಹೊತ್ತು ತರಿಸಿ ಇಟ್ಟರು, ಆರಿತು. ಸಂತೋಷದಿಂದ ಮನೆಗೆ ಓಡಿ, "ನೋಡು, ತಪ್ಪು ನಿನ್ನದಲ್ಲ. ಅರೆಯುವ ಕಲ್ಲಿಟ್ಟರೂ ಆರ್ತದೆ" ಎಂದರು. ಆ ದಿನ ನಮ್ಮಿಬ್ಬರಿಗೂ ಚಹಾ ಸಿಗಲಿಲ್ಲ.

ಕಲ್ಲು ಮಾತ್ರ ಉಪಕಾರ ಮಾಡಿತು. ಅದನ್ನು ಹಲಗೆಯ ಮೇಲೆಯೇ ಬಿಟ್ಟು, ಚಿಕ್ಕಪ್ಪ ದೋಣಿಯೊಳಗೆ ಅಂಗಾತ ಮಲಗಿ ವಯರನ್ನು ಗೇಣು ಗೇಣಾಗಿ ಟೆಸ್ಟರಿನಿಂದ ಮುಟ್ಟುತ್ತ ಹೋದರು. ಹಲಗೆಯ ಅಡಿಯಲ್ಲಿ, ಹಳೆಯ ವಯರಿನ ತುಂಡುಗಳಿಗೆ ಅವರೇ ಹಾಕಿದ ಒಂದು ಗಂಟು. ಅದರೊಳಗೆ ನೀರು ಹೋಗಿ ತಾಮ್ರ ಹಸಿರುಗಟ್ಟಿತ್ತು. ಹಲಗೆ ಬಾಗಿದಾಗೆಲ್ಲ ಗಂಟು ಬಿಡುತ್ತಿತ್ತು. ಅದನ್ನು ಕತ್ತರಿಸಿ, ದಪ್ಪದ ಹೊಸ ವಯರನ್ನು ಹಲಗೆಗೆ ತಾಗದಂತೆ ಬದಿಯಲ್ಲಿ ಎಳೆದರು.

ವಾರ ಕಳೆದು ಕ್ಲಾಸು ಮತ್ತೆ ಶುರುವಾಯಿತು. ಮೊದಲ ದಿನ ಮುಸ್ಸಂಜೆಗೆ ಚಿಕ್ಕಮ್ಮನನ್ನು ಕರೆತರಲು ನಾನೂ ಹೋಗಿದ್ದೆ. ಅವರು ಕೂತರು. ದೀಪ ಉರಿಯುತ್ತಲೇ ಇತ್ತು. ಈಚೆ ದಡಕ್ಕೆ ಬಂದಾಗ ಮೆಟ್ಟಿಲಿನ ಕಲ್ಲುಗಳೆಲ್ಲ ಬೆಳ್ಳಗೆ ಕಂಡವು. ಚಿಕ್ಕಪ್ಪ ಮೊದಲು ಇಳಿದು ಕೈ ಚಾಚಿದರು.

"ಮೆಟ್ಲು ಕಾಣ್ತದಾ?"

"ಕಾಣ್ತದೆ," ಎಂದು ಚಿಕ್ಕಮ್ಮ ಅವರ ಕೈ ಹಿಡಿದು ಇಳಿದರು.

"ಹಾಗಾದ್ರೆ ಇನ್ನು ನನ್ನ ಕೈ ಬೇಡ ಅಲ್ವಾ?"

ಚಿಕ್ಕಮ್ಮ ಮನೆಯ ಬಾಗಿಲವರೆಗೂ ಆ ಕೈಯನ್ನು ಬಿಡಲಿಲ್ಲ.