ಕೋವಿಗೆ ನಮಸ್ಕರಿಸಿ ಫೇಲಾದದ್ದು

ಲೈಸೆನ್ಸ್ ಎಂಬುದು ಬೇರೆಯವರಿಗಾಗಿ ಇರುವ ವಸ್ತು ಎಂಬ ನಂಬಿಕೆಯಲ್ಲೇ ಐವತ್ತೆರಡು ವರ್ಷ ಕಳೆದವನು ನಾನು. ಇದು ಜಂಬವಲ್ಲ, ಕಾನೂನು. ಕೊಡವನಾಗಿ ಹುಟ್ಟಿದವನಿಗೆ ನಮ್ಮ ದೇಶದಲ್ಲಿ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಉಂಟು. ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು; ನಡುವಿನ ಬದುಕಿಗೆ ವರ್ಷಕ್ಕೊಮ್ಮೆ ಕೈಲ್‌ಪೊಳ್ದ್ ಹಬ್ಬ, ಅವತ್ತು ಕೋವಿಗೆ ಹೂ ಮುಡಿಸಿ ಪೂಜೆ. ಇಷ್ಟು ದೊಡ್ಡ ಪರಂಪರೆಗೆ ನನ್ನ ಕೊಡುಗೆ ಬಹಳ ಸಣ್ಣದು. ಮೈಸೂರಿನಲ್ಲಿ ಬೆಳೆದ ನಾನು ದಸರಾ ವಸ್ತುಪ್ರದರ್ಶನದಲ್ಲಿ ಒಮ್ಮೆ ಬಲೂನಿಗೆ ಗುರಿಯಿಟ್ಟಿದ್ದೆ. ಬಲೂನುಗಳಿಂದ ಹತ್ತಡಿ ದೂರ ನಿಂತಿದ್ದ ಅಂಗಡಿಯವನು ನಾನು ಗುರಿ ಹಿಡಿದ ರೀತಿ ನೋಡಿ ಸುಮ್ಮನೆ ಕೆಳಗೆ ಕೂತುಬಿಟ್ಟ. ಅಲ್ಲಿಂದ ಮುಂದೆ ನನ್ನ ಹಕ್ಕನ್ನು ನಾನು ಚಲಾಯಿಸಲು ಹೋಗಲಿಲ್ಲ, ಅದು ಇದೆ ಎಂಬ ನೆಮ್ಮದಿಯಲ್ಲೇ ಇದ್ದೆ.

ನಾನೀಗ ಇರುವ ಟೊರಾಂಟೊ ಸುತ್ತಮುತ್ತಲಿನ ನಮ್ಮ ಕೊಡವ ಬಳಗದಲ್ಲಿ ಇದ್ದದ್ದು ಒಂದೇ ಒಂದು ಕೋವಿ. ಬಳಗದವರೆಲ್ಲ ಮಾವ ಎಂದು ಕರೆಯುವ ಕ್ಲೈನ್‌ಬರ್ಗಿನ ಡಾಕ್ಟರ್ ಮಾವ ಈ ದೇಶಕ್ಕೆ ಬಂದ ಹೊಸತರಲ್ಲಿ ಕಾಯ್ದೆಪ್ರಕಾರ ಕೊಂಡ ಜೋಡಿ ನಳಿಗೆಯ ಹಳೇ ಕೋವಿ. ಕೋವಿ ಎಲ್ಲಿದೆಯೋ ಹಬ್ಬವೂ ಅಲ್ಲೇ. ಹೀಗಾಗಿ ಪ್ರತಿ ಸೆಪ್ಟೆಂಬರಿನಲ್ಲಿ ನಾವೆಲ್ಲ ಅವರ ಮನೆಯಲ್ಲಿ ಕೈಮುಗಿದು, ಕಡುಂಬುಟ್ಟು ಪಂದಿಕರಿ ಉಂಡು ಬರುತ್ತಿದ್ದೆವು. ಕಳೆದ ವರ್ಷ ಮಾವ ಮನೆ ಮಾರಿ ಮಗಳ ಕಾಂಡೋ ಫ್ಲಾಟಿಗೆ ಹೋಗುವುದೆಂದು ನಿಶ್ಚಯವಾಯಿತು. ಹಬ್ಬದ ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಪೂಣಚ್ಚ, ಲೈಸೆನ್ಸ್ ಮಾಡಿಸ್ಕೊಂಡು ಬಾ. ಕೋವಿ ನಿಮ್ಮ ಮನೆಗೆ. ಇನ್ನು ಮೇಲೆ ಹಬ್ಬಾನೂ ನಿಮ್ಮಲ್ಲೇ" ಎಂದರು. ಆ ಕ್ಷಣದಲ್ಲಿ ನಾನು ಎರಡಿಂಚು ಎತ್ತರವಾದೆ. ನನಗೆ ಆ ಕೋವಿ ಬೇಕಿತ್ತು. ಹಬ್ಬದ ದಿನ ಬಾಗಿಲಲ್ಲಿ ನಿಂತು "ಬನ್ನಿ ಬನ್ನಿ" ಎನ್ನುವ ಯಜಮಾನಿಕೆ ಅದಕ್ಕಿಂತ ಹೆಚ್ಚು ಬೇಕಿತ್ತು.

ಲೈಸೆನ್ಸಿಗೆ ಮೊದಲು ಎರಡು ದಿನದ ಸುರಕ್ಷತಾ ತರಗತಿ, ನಂತರ ಪರೀಕ್ಷೆ. ಜಾಗ ಸಿಕ್ಕಿದ್ದು ನ್ಯೂಮಾರ್ಕೆಟಿನಲ್ಲಿ. ಸ್ಟ್ರೀಟ್ಸ್‌ವಿಲ್‌ನ ನಮ್ಮ ಮನೆಯಿಂದ ಒಂದು ಗಂಟೆ ದಾರಿ. "ನೀವು ಹೈವೇಲಿ ಎಕ್ಸಿಟ್ ತಪ್ಪಿಸ್ತೀರಿ, ನಾನೇ ಡ್ರೈವ್ ಮಾಡ್ತೀನಿ" ಎಂದು ನನ್ನ ಹೆಂಡತಿ ದೇಚಮ್ಮ ಹೊರಟಳು. ಎರಡು ದಿನ ಕಾರಿನಲ್ಲಿ ಕೂತು ಏನು ಮಾಡುವುದೆಂದು ಅವಳೂ ಹೆಸರು ಕೊಟ್ಟಳು. ಪಾಠ ಹೇಳುವವರು ಬಿಳಿ ಮೀಸೆಯ, ಮೆದು ದನಿಯ ಹಿರಿಯರು. ಮೊದಲ ಮಾತಿಗೇ ಅವರು, "ಈ ದೇಶದಲ್ಲಿ ಬಂದೂಕು ಯಾರ ಹಕ್ಕೂ ಅಲ್ಲ. ಸಂವಿಧಾನದಲ್ಲಿ ಬರೆದ ಹಕ್ಕು ಬೇಕಾದವರು ನಯಾಗರದ ಹತ್ತಿರ ಸೇತುವೆ ದಾಟಿ ಆಚೆ ಹೋಗಬಹುದು" ಎಂದರು. ನಾನು ಕೈಯೆತ್ತಿ, ನನ್ನ ವಿಷಯದಲ್ಲಿ ಅದು ಹುಟ್ಟಿನಿಂದಲೇ ಬಂದದ್ದೆಂದು ಬ್ರಿಟಿಷರ ಕಾಲದಿಂದ ಹಿಡಿದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಬಹಳ ಸಂತೋಷ. ಪುಟ ಮೂರು ತೆಗೆಯಿರಿ" ಎಂದರು. ದೇಚಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಬರೆಯುವ ಪರೀಕ್ಷೆಯಲ್ಲಿ ನಾನು ಪಾಸು. ಕೈಯಲ್ಲಿ ಹಿಡಿದು ತೋರಿಸುವ ಪರೀಕ್ಷೆಯಲ್ಲಿ ಮೇಜಿನ ಮೇಲೆ ಐದು ಕೋವಿಗಳಿದ್ದವು. ಎಲ್ಲಕ್ಕಿಂತ ಮುಖ್ಯ ನಿಯಮ ಒಂದೇ: ನಳಿಗೆ ಎಂದೂ ಮನುಷ್ಯರ ಕಡೆ ತಿರುಗಬಾರದು. "ಜೋಡಿ ನಳಿಗೆಯದನ್ನು ತೆಗೆದುಕೊಂಡು, ಖಾಲಿಯಿದೆಯೇ ನೋಡಿ" ಎಂದರು ಪಾಠ ಹೇಳಿದ ಹಿರಿಯರು. ಥೇಟ್ ಡಾಕ್ಟರ್ ಮಾವನ ಕೋವಿಯೇ. ನನ್ನ ಅಜ್ಜ, ನನ್ನ ಅಪ್ಪ ಯಾರೂ ಕೋವಿಯನ್ನು ಪೊರಕೆಯ ಹಾಗೆ ಎತ್ತಿದವರಲ್ಲ. ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೊತ್ತಿಕೊಂಡು, ಆಮೇಲೆ ಉಳಿದ ಕೆಲಸ. ನಾನೂ ಎತ್ತಿದೆ, ಕಣ್ಣು ಮುಚ್ಚಿ ಭಕ್ತಿಯಿಂದ ಒತ್ತಿಕೊಂಡೆ. ಕಣ್ಣು ತೆರೆದಾಗ ಎರಡೂ ನಳಿಗೆಗಳು ಎದುರಿಗಿದ್ದ ಆ ಹಿರಿಯರ ಎದೆಯನ್ನು ನೋಡುತ್ತಿದ್ದವು. ಅವರು ಮೆದುವಾಗಿಯೇ, "ಕೆಳಗಿಡಿ ಸರ್" ಎಂದರು. ಇಟ್ಟೆ. "ಮಾಡಿದ್ದೇನು?" ಎಂದು ಕೇಳಿದರು. "ನಮಸ್ಕಾರ" ಎಂದೆ. ಅವರ ಪಟ್ಟಿಯಲ್ಲಿ ನಮಸ್ಕಾರಕ್ಕೆ ಕಾಲಂ ಇರಲಿಲ್ಲ.

ನನ್ನ ನಂತರ ದೇಚಮ್ಮ ಹೋದಳು. ಐದೂ ಕೋವಿಗಳನ್ನು ಕುಕ್ಕರಿನ ಗ್ಯಾಸ್ಕೆಟ್ ನೋಡುವಂತೆ ತಿರುಗಿಸಿ ನೋಡಿ ಇಟ್ಟು ಬಂದಳು. ಪೂರ್ತಿ ಅಂಕ. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಕಿಟಕಿಯಾಚೆಯ ಎಕ್ಸಿಟ್ ಬೋರ್ಡುಗಳನ್ನೇ ಎಣಿಸುತ್ತಿದ್ದೆ. ನನಗೆ ಹೊಟ್ಟೆಕಿಚ್ಚಾಗಿತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ. "ಯಾರ ಹೆಸರಲ್ಲಿದ್ರೆ ಏನ್ರೀ, ಕೋವಿ ನಮ್ಮನೇಗೇ ತಾನೆ ಬರೋದು?" ಎಂದಳು. ಗೆದ್ದವರು ಯಾವಾಗಲೂ ಹೀಗೇ ಮಾತಾಡುವುದು.

ಅವಳ ಲೈಸೆನ್ಸ್ ಅರ್ಜಿಯ ಒಂದು ಕಡೆ ಸಂಗಾತಿಯ ಸಹಿಗೆ ಜಾಗವಿತ್ತು. ಮನೆಗೆ ಕೋವಿ ಬರುವುದು ಗಂಡನಿಗೋ ಹೆಂಡತಿಗೋ ಗೊತ್ತಿರಬೇಕು, ಭಯವಿದ್ದರೆ ಹೇಳಬೇಕು ಎಂಬುದು ಸರ್ಕಾರದ ಕಾಳಜಿ. ಒಳ್ಳೆಯ ಕಾನೂನು. ಎರಡು ದಿನ ಸಹಿ ಹಾಕದೆ ಓಡಾಡಿದೆ, ಆ ಎರಡು ದಿನ ಕಾಫಿ ಬಿಸಿಬಿಸಿಯಾಗಿ ಕೂತಲ್ಲಿಗೇ ಬಂತು. ಮೂರನೆಯ ದಿನ ಕಾಫಿ ಬರಲಿಲ್ಲ, ಸಹಿ ಹಾಕಿದೆ. ಕೆಲವು ವಾರಗಳ ನಂತರ ಲೈಸೆನ್ಸ್ ಕಚೇರಿಯ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, "ನಿಮ್ಮ ಪತ್ನಿಯಿಂದ ನಿಮಗೆ ಯಾವುದಾದರೂ ಭಯವಿದೆಯೇ?" ಎಂದು ಕೇಳಿದಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇದನ್ನು ಇಷ್ಟು ಅಕ್ಕರೆಯಿಂದ ಯಾರೂ ಕೇಳಿರಲಿಲ್ಲ. ದೇಚಮ್ಮ ಎದುರಿಗೇ ಬೀನ್ಸ್ ಮುರಿಯುತ್ತಿದ್ದಳು. "ಏನೂ ಇಲ್ಲ" ಎಂದೆ.

ಈ ಸೆಪ್ಟೆಂಬರಿನಲ್ಲಿ ಹಬ್ಬ ನಮ್ಮ ಮನೆಯಲ್ಲೇ ನಡೆಯಿತು. ಬಾಗಿಲಲ್ಲಿ ನಿಂತು "ಬನ್ನಿ ಬನ್ನಿ" ಎಂದೆ. ಬಂದವರೆಲ್ಲ ನನ್ನನ್ನು ದಾಟಿ ಒಳಗೆ ಹೋಗಿ, "ಕಂಗ್ರಾಟ್ಸ್ ದೇಚಮ್ಮ" ಎಂದರು. ಬೇಸ್‌ಮೆಂಟಿನ ಕಪಾಟಿನ ಬೀಗದ ಕೈ ಅವಳ ಹತ್ತಿರ. ಅವಳು ಕೆಲಸಕ್ಕೆ ಹೋದಾಗ ನಾನು ಕೋವಿ ಮುಟ್ಟಿದರೆ ಅಪರಾಧ. ಅದಕ್ಕೇ ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಹೋಗುತ್ತಿದ್ದೇನೆ. ಕೈಗಳಿಗೆ ಭಕ್ತಿ ಬಿಡಿಸಲು ದಿನಾ ಪೊರಕೆ ಎತ್ತಿ ಅಭ್ಯಾಸ ಮಾಡುತ್ತಿದ್ದೇನೆ, ಇದರಿಂದ ಮನೆಯೂ ಚೊಕ್ಕಟವಾಗಿದೆ. ಈ ಸಲ ಪಾಸಾಗುವುದು ಖಂಡಿತ. ಆದರೆ ಪಾಸಾದ ಮೇಲೆ ಅರ್ಜಿ ಹಾಕಬೇಕಲ್ಲ, ಅದರಲ್ಲಿ ಸಂಗಾತಿಯ ಸಹಿಯ ಜಾಗ ಇದೆಯಲ್ಲ. ನಿನ್ನೆ ಮೆಲ್ಲಗೆ ಆ ವಿಷಯ ಎತ್ತಿದೆ.

ದೇಚಮ್ಮ ನಾನು ಗುಡಿಸಿದ ನೆಲವನ್ನೊಮ್ಮೆ ನೋಡಿ, "ನೋಡೋಣ" ಎಂದಳು.