ಏಳು ಮನೆಯ ಬೆಳಕಿಗೆ ಒಬ್ಬರ ಕಿವಿ

ನನ್ನ ದೊಡ್ಡಮಾವ ಬಲ್ಬು ನೋಡಿ ಭವಿಷ್ಯ ಹೇಳುತ್ತಾರೆ! ನಗಬೇಡಿ ಅನ್ನುವುದಿಲ್ಲ, ನಾನೂ ಮೊದಲು ನಕ್ಕವಳೇ.

ಅಮಾಸೆಬೈಲಿನ ಗುಡ್ಡದ ಬುಡದಲ್ಲಿ ಅವರದೂ ಸೇರಿ ಏಳು ಮನೆ. ಕೂಗಳತೆಯಲ್ಲಿ ಹರಿಯುವ ತೋಡಿಗೆ ಕಟ್ಟ ಹಾಕಿ, ಕಸ ತಡೆಯುವ ಜಾಲರಿ ಇಟ್ಟ ಪೈಪಿನಲ್ಲಿ ನೀರಿಳಿಸಿ, ಏಳೂ ಮನೆಯವರು ಕೂಡಿ ಕೂರಿಸಿದ ಪುಟ್ಟ ಟರ್ಬೈನು ಒಂದಿದೆ. ಅದರ ಬೆಳಕು ನೀರಿನ ಜೊತೆ ಉಬ್ಬುತ್ತದೆ, ಇಳಿಯುತ್ತದೆ. ಗೋಡೆಗಳೆಲ್ಲ ತೇಲುತ್ತಿವೆಯೇನೋ ಅನ್ನಿಸುತ್ತದೆ. ಮಾವ ಜಗಲಿಯಲ್ಲಿ ಅದನ್ನೇ ನೋಡುತ್ತಾ, "ಮೇಲ್ ಗುಡ್ಡೆಲಿ ಮಳಿ ಬಂತ್ ಕಾಣ್" ಅನ್ನುತ್ತಾರೆ. ಹತ್ತು ನಿಮಿಷಕ್ಕೆ ನಮ್ಮ ಅಂಗಳವೂ ಒದ್ದೆ!

ಒಮ್ಮೆ ಊಟದ ನಡುವೆ ಟರ್ಬೈನಿನ ಸದ್ದು ತುಸು ಬದಲಾಯಿತು; ಅವರ ತುತ್ತು ಬಾಯಿಯ ಹತ್ತಿರ ನಿಂತುಬಿಟ್ಟಿತು.

"ಜಾಲರಿಗೆ ಹಲಸಿನ್ ಎಲಿ ಸಿಕ್ಕಿತ್."

"ಹಲಸಿಂದೇ ಅಂತ ಹ್ಯಾಂಗ್ ಗೊತ್ತಾಯ್ತ್ ಮಾವ?"

"ಮಾವಿಂದಾರೆ ಸ್ವರ ಬೇರೆ."

ಎಂಜಲುಗೈಯಲ್ಲೇ ಓಡಿದರು. ಸುಳ್ಳು ಹಿಡಿಯಲು ನಾನೂ ಹಿಂದೆಯೇ ಓಡಿದೆ. ಜಾಲರಿಗೆ ಸಿಕ್ಕಿದ್ದು ಯಾರದೋ ಮೈ ಒರೆಸುವ ಬೈರಾಸು!

"ಸ್ವಲ್ಪ ದಪ್ಪ ಎಲಿ, ಅಷ್ಟೇ" ಅಂದರು ಮಾವ. ಇಂಥವರ ಜೊತೆ ವಾದ ಮಾಡುವುದು ಹೇಗೆ ಹೇಳಿ?

ದಿನಕ್ಕೊಂದು ಮನೆಯವರು ಜಾಲರಿಯ ಕಸ ತೆಗೆಯಬೇಕು ಎಂಬುದು ಅಲ್ಲಿಯ ಕಟ್ಟಳೆ. ಮಾವನದು ಸೋಮವಾರ. ಮಂಗಳವಾರದವರಿಗೆ ಜ್ವರ ಬಂತು, ಇವರು ಹೋದರು. ಬುಧವಾರದವರಿಗೆ ನೆಂಟರು ಬಂದರು, ಆಗಲೂ ಇವರೇ ಹೋದರು. ಜ್ವರ ಬಿಟ್ಟಿತು, ನೆಂಟರು ಎದ್ದರು. ಮಾವ ಮಾತ್ರ ವಾರವಿಡೀ ಹೋಗುತ್ತಲೇ ಇದ್ದರು!

ಈ ಮಳೆಗಾಲ ಏಳು ಮನೆಯವರ ಮೀಟಿಂಗ್. ಕಂಬದ ಕರೆಂಟು ಬಂದಾಗಿದೆ, ಟರ್ಬೈನು ಕಿತ್ತುಬಿಡೋಣ ಎಂಬ ಮಾತು. ಮಾವ ನನ್ನನ್ನು ಕರೆಸಿದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ಸೋದರಸೊಸೆ ತಮ್ಮ ಪರ ಮಾತಾಡಿಯಾಳು ಎಂಬ ಆಸೆ. ನಾನೋ, ಎದ್ದು ನಿಂತು ಅವರ ಮೇಲೆಯೇ ತಿರುಗಿದೆ: "ಇದನ್ನು ಹಾಳು ಮಾಡಿದ್ದು ಕಂಬ ಅಲ್ಲ ಮಾವ, ನೀವು! ಏಳು ಮನೆಯ ಸೊತ್ತು, ಆದರೆ ಆರು ಮನೆಗೆ ಜಾಲರಿ ಎತ್ತಲು ಬರುವುದಿಲ್ಲ. ನೀವು ಬಿದ್ದ ದಿನ ಇದೂ ಬೀಳುತ್ತದೆ."

ಚಪ್ಪಾಳೆಗೆ ಕಾದೆ. ಬರಲಿಲ್ಲ.

"ಒಂದ್ ತಿಂಗ್ಳ್ ಕಾಂಬ. ಸರದಿ ನಡೀದಿರೆ ತೆಗೂದೇ" ಅಂದರು ಹಿರಿಯರೊಬ್ಬರು.

"ಅಡ್ಡಿಲ್ಲೆ" ಅಂದರು ಮಾವ. "ನಾ ಇನ್ ಸೋಮಾರ ಮಾತ್ರ ಹೋಪುದ್."

ಮರುದಿನವೇ ಮಂಗಳವಾರ. ಮುಸ್ಸಂಜೆಗೆ ಬಲ್ಬು ಮಂಕಾಗಿ, ಕೇಸರಿಯಾಗಿ, ಹಣ್ಣಡಿಕೆಯಷ್ಟು ಬೆಳಕು ಉಳಿಯಿತು. ಮಾವ ಜಗಲಿಯ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನನಗೇ ತಡೆಯಲಾಗಲಿಲ್ಲ.

"ನಾ ಹೋಯ್ ಬರ್ಲಾ ಮಾವ?"

"ಕೂಕೋ. ಇವತ್ತ್ ನಮ್ದಲ್ಲ."

ಆಗ ತೋಡಿನ ಕಡೆಯಿಂದ ಮಂಗಳವಾರದ ಮನೆಯ ಅಕ್ಕನ ಕೂಗು: "ಹ್ವಾಯ್! ಜಾಲರಿ ಏಳ್ತಿಲ್ಲೆ! ಒಂದ್ಸಲ ಬನ್ನಿ ಮಾರಾಯ್ರೆ!"

ಮಾವ ಎದ್ದರು. ಒಂದು ಕಾಲು ಅಂಗಳಕ್ಕಿಟ್ಟರು. ಮತ್ತೆ ಕೂತರು.

"ಕೈ ಅಡಿಗ್ ಹಾಕಿ ಮೆಲ್ಲ ಎತ್ತಿ!"

"ನೀರ್ ಸಮಾ ಚಳಿ ಇತ್ತ್!"

"ತೋಡಲ್ದಾ! ಮತ್ತೆಂತ, ಬಚ್ಚಲ ಹಂಡಿಯಾ?"

ಬೈಗುಳವೊಂದು ಕೇಳಿತು, ಆಮೇಲೆ ನೀರು ಭೋರೆಂದದ್ದು ಕೇಳಿತು. ಬೆಳಕು ನಿಧಾನಕ್ಕೆ, ಕನಸಿನೊಳಗೆ ಬೆಳಗಾದಂತೆ, ಏಳೂ ಮನೆಯ ಕಿಟಕಿಗಳಲ್ಲಿ ತುಂಬಿಕೊಂಡಿತು.

"ಕಂಡ್ರ್ಯಾ ಮಾವ? ನನ್ನ ವಾದ ಎಂತ ಅಂದ್ರೆ..." ಎಂದು ಶುರುಮಾಡಿದೆ.

ಅತ್ತೆ ಬಾಗಿಲಿಗೆ ಬಂದು ತುಟಿಗೆ ಬೆರಳಿಟ್ಟರು. ಮಾವ ಕಂಬಕ್ಕೆ ಒರಗಿ, ಬಾಯಿ ಅರೆ ತೆರೆದು, ನಿದ್ದೆ ಹೋಗಿದ್ದರು.

"ಮಾತಾಡ್ಬೇಡ ಮಗಾ" ಅಂದರು ಅತ್ತೆ, ಪಿಸುದನಿಯಲ್ಲಿ. "ಈ ಟರ್ಬೈನ್ ಬಂದಲ್ಲಿಂದ ಇವ್ರ್ ಹೀಂಗ್ ಮನಿಕಂಡದ್ ನಾ ಕಂಡದ್ದಿಲ್ಲೆ."