ನಾಲ್ಕು ಜನ ಹೊರುವ ಪೆಟ್ಟಿಗೆ

ರಾಕ್ ಬ್ಯಾಂಡ್ ಕಟ್ಟಿಕೊಂಡವರು ನಗೆಪಾಟಲಾಗುವುದಕ್ಕೆ ದೂರ ಎಲ್ಲೂ ಹೋಗಬೇಕಾಗಿಲ್ಲ, ಅದು ತಾನಾಗಿಯೇ ಮನೆ ಹುಡುಕಿಕೊಂಡು ಬರುತ್ತದೆ. ಅದರಲ್ಲೂ ಬ್ಯಾಂಡು ದೊಡ್ಡಬಳ್ಳಾಪುರದ್ದಾಗಿದ್ದು, ಬೇಸ್ ಗಿಟಾರಿನ ಸ್ಪೀಕರ್ ಪೆಟ್ಟಿಗೆ ಎದೆಮಟ್ಟ ಇದ್ದರೆ ಕೇಳುವುದೇ ಬೇಡ.

ನಾವು ನಾಲ್ಕು ಜನ. ಹಾಡುವವನು, ಗಿಟಾರಿನವನು, ಡ್ರಮ್ಸ್ ಬಾರಿಸುವ ನಾನು, ಮತ್ತೆ ಬೇಸ್‌ನವನು. ಹೋದ ಮಳೆಗಾಲದಲ್ಲಿ ಬೇಸ್‌ನವನಿಗೆ ಡೆಂಗಿ ಬಂತು. ಆರೇ ದಿನಕ್ಕೆ ತೀರಿಕೊಂಡ. ಗಿಟಾರಿನ ಶಬ್ದ ಏರಿಸುವ ಅವನ ಆಂಪು, ಸ್ಪೀಕರ್ ಪೆಟ್ಟಿಗೆ ಎರಡೂ ಅವರ ಮನೆಯ ಹಾಲ್‌ನಲ್ಲೇ ಉಳಿದವು. ಅವನ ಅಮ್ಮ ಪೆಟ್ಟಿಗೆಯ ಮೇಲೆ ಅವನ ಫೋಟೋ ಇಟ್ಟು ದೀಪ ಹಚ್ಚಿಬಿಟ್ಟರು.

ಗಿಟಾರಿನವನು ತಾನು ಬೇಸ್ ಹಿಡಿಯುತ್ತೇನೆ ಅಂದ. ಬೇರೆ ಪೆಟ್ಟಿಗೆ ತರಬಹುದಿತ್ತು. ಆದರೆ ಅವನೂ ಇಲ್ಲ, ಅವನ ಪೆಟ್ಟಿಗೆಯೂ ಇಲ್ಲ ಅಂದರೆ ಬಾರಿಸುವುದಕ್ಕೆ ನಮ್ಮಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಅದು ಬಂದರೆ ಬ್ಯಾಂಡು, ಬಾರದಿದ್ದರೆ ಇಲ್ಲ. ಮಗನನ್ನು ಕಳೆದುಕೊಂಡವರ ಮುಂದೆ ನಿಂತು ಆ ಪೆಟ್ಟಿಗೆ ಕೊಡಿ ಅಂತ ಕೇಳುವ ಬಾಯಿ ಮಾತ್ರ ಯಾರಿಗೂ ಇರಲಿಲ್ಲ.

ಅವನನ್ನು ನೆನೆದರೆ ಅಳು ಬರುತ್ತದೆ, ಅವನ ಪೆಟ್ಟಿಗೆ ನೆನೆದರೆ ನಗು ಬರುತ್ತದೆ. ಎರಡೂ ಒಟ್ಟಿಗೇ ಬಂದು ನನಗೆ ತಲೆ ಕೆಟ್ಟುಹೋಗಿದೆ.

೧. ಕೋಳಿಗಾ, ಪಾರಿವಾಳಕ್ಕಾ

ಅವನಿಗೆ ಯಾರದೋ ಹಳೇ ಆಂಪು, ಹದಿನೈದು ಇಂಚಿನ ಎರಡು ಸ್ಪೀಕರು ಸಿಕ್ಕಿದ್ದವು. ಕೂರಿಸುವುದಕ್ಕೆ ಪೆಟ್ಟಿಗೆ ಇರಲಿಲ್ಲ. ತ್ಯಾಮಗೊಂಡ್ಲುವಿನಲ್ಲಿ ಬಾಗಿಲು, ಮಂಚ ಮಾಡುವ ಒಬ್ಬ ಆಚಾರ್ರು ಇದ್ದರು. ಅವರ ಮುಂದೆ ಕಾಗದ ಹರಡಿದ. ಒಂದು ಪೆಟ್ಟಿಗೆ, ಅದಕ್ಕೆ ಎರಡು ದುಂಡನೆ ತೂತು.

ಆಚಾರ್ರು ಕನ್ನಡಕ ಏರಿಸಿಕೊಂಡು ನೋಡಿ, "ಕೋಳಿಗಾ, ಪಾರಿವಾಳಕ್ಕಾ?" ಅಂದರು.

"ಸ್ಪೀಕರ್‌ಗೆ ಸ್ವಾಮಿ. ಮ್ಯೂಸಿಕ್ಕು."

"ಆಯ್ತು ಬಿಡಿ," ಅಂದು ನಕ್ಕರು.

ಹದಿನೈದು ದಿನ ಬಿಟ್ಟು ಹೋದೆವು. ಹಲಸಿನ ಮರ, ಒಂದು ಕೂದಲು ತೂರದಷ್ಟು ಬಿಗಿಯಾದ ಮೂಲೆಗಳು. ಬೇಸ್‌ನವನು ಕೈಯಾಡಿಸಿಕೊಂಡು ಹಿಂದಕ್ಕೆ ಹೋದವನು ಅಲ್ಲೇ ನಿಂತುಬಿಟ್ಟ. ಹಿಂಬದಿಗೆ ಒಂದು ಬಾಗಿಲು, ಎರಡು ಕೀಲು, ಹಿತ್ತಾಳೆ ಚಿಲಕ.

"ಇದೇನ್ ಸ್ವಾಮಿ, ಬಾಗಿಲು ಇಟ್ಬಿಟ್ಟಿದೀರಾ? ಹಿಂದ್ಗಡೆ ಪೂರ್ತಿ ಮುಚ್ಚಿರ್ಬೇಕು. ಒಂಚೂರೂ ಗಾಳಿ ಆಡ್ಬಾರ್ದು."

"ಹುಡುಗ್ರು, ತಮಾಷೆಗೆ ಸ್ಪೀಕರ್ ಅಂತಾವೆ ಅಂದ್ಕೊಂಡಿದ್ದೆ ಕಣಪ್ಪಾ," ಅಂದರು ಆಚಾರ್ರು. ಆಮೇಲೆ ಅವನ ಭುಜದ ಮೇಲೆ ಕೈಯಿಟ್ಟು, ಬುದ್ಧಿ ಹೇಳುವವರ ಹಾಗೆ ಮೆಲ್ಲಗೆ, "ಅದೇನೇ ಇರ್ಲಿ, ಗಾಳಿ ಆಡ್ಲಿಲ್ಲ ಅಂದ್ರೆ ಸತ್ತೋಗ್ತವೆ," ಅಂದರು.

೨. ನಾಲ್ಕನೇ ಜ್ವರ

ಪ್ರಾಕ್ಟೀಸಿಗೆ ನಮಗೆ ಸಿಕ್ಕಿದ್ದು ಬೇಸ್‌ನವನ ಸೋದರಮಾವನ ಹುಳು ಮನೆ. ಅವರು ರೇಷ್ಮೆ ಬಿಟ್ಟು ದ್ರಾಕ್ಷಿ ಹಾಕಿದ್ದರಿಂದ ಖಾಲಿ ಬಿದ್ದಿತ್ತು. ಪಕ್ಕದಲ್ಲೇ ಇನ್ನೊಬ್ಬರ ಹುಳು ಮನೆ, ಅದರಲ್ಲಿ ಹುಳ ಇದ್ದವು. ಮೊದಲ ದಿನ ಬೇಸ್‌ನವನು ಒಂದೇ ಒಂದು ತಂತಿ ಮೀಟಿದ, ಮೇಲಿನ ಹೆಂಚು ಗಡಗಡ ಅಂತು. ಪಕ್ಕದ ಮನೆಯ ಅಕ್ಕ ಸೊಪ್ಪಿನ ಕುಕ್ಕೆ ಇಳಿಸಿ ನೇರ ಒಳಗೆ ಬಂದರು.

"ಏನ್ರಪ್ಪಾ, ನಮ್ ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ನೀವು ಹಿಂಗ್ ಗುಡುಗ್ಸಿದ್ರೆ ಅವು ಗೂಡು ಕಟ್ತವಾ?"

ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಹುಳಕ್ಕೆ ಕಿವಿ ಎಲ್ಲಿದೆ ತೋರಿಸಿ ಅಂತ ಜಗಳಕ್ಕೆ ನಿಂತೆ. ಅವನು ಮಾತ್ರ, "ತಪ್ಪಾಯ್ತಕ್ಕಾ," ಅಂದು ಆಂಪಿನ ವೈರು ಕಿತ್ತ. ಎರಡು ವಾರ ವೈರಿಲ್ಲದೆ, ಗಿಟಾರಿಗೆ ಗದ್ದ ಒತ್ತಿಕೊಂಡು ತಾನೊಬ್ಬನೇ ಕೇಳಿಸಿಕೊಳ್ಳುತ್ತಾ ಬಾರಿಸಿದ. ಹುಳದ ಮುಂದೆ ಸೋತವನು ನೀನೊಬ್ಬನೇ ಅಂತ ನಾನು ದಿನಾ ಬೈದೆ. ಅಂಥವನು ಅವನು.

ಗೂಡು ಬಿಡಿಸಿದ ದಿನ ಅಕ್ಕ ತಟ್ಟೆಯಲ್ಲಿ ಒಬ್ಬಟ್ಟು ಇಟ್ಟುಕೊಂಡು ಬಂದರು.

"ಯಾವತ್ತೂ ಹಿಂಗಾಗಿರ್ಲಿಲ್ಲ ಕಣ್ರಪ್ಪಾ. ಅವತ್ತು ಗುಡುಗ್ಸಿದ್ರಲ್ಲ, ಎಲ್ಲಾ ಹುಳಾನೂ ಒಟ್ಟಿಗೇ ಹಣ್ಣಾಗಿ ಗೂಡು ಕಟ್ಟಿದ್ವು. ಮುಂದಿನ ಬೆಳೇಲೂ ನಾಲ್ಕನೇ ಜ್ವರದಾಗೆ ಒಂದ್ಸಲ ಬಾರ್ಸ್ಬಿಟ್ಟು ಹೋಗಿ."

ನಮ್ಮ ಸಂಗೀತ ಒಂದು ಸಲ ಕೇಳಿ, ಮತ್ತೆ ಕರೆಸಿಕೊಂಡವರು ಅಂತ ಇದ್ದರೆ ಇವತ್ತಿಗೂ ಆ ಹುಳಗಳು ಮಾತ್ರ.

೩. ಆಯುಧಪೂಜೆ

ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯವರು ಆಯುಧಪೂಜೆಗೆ ಕರೆಸಿದ್ದರು. ಅಲ್ಲಿಯ ಕೆಲಸಗಾರರು ಲೇತ್ ಮೆಷಿನ್ನಿಂದ ಹಿಡಿದು ಟೀ ಫ್ಲಾಸ್ಕಿನವರೆಗೆ ಎಲ್ಲಕ್ಕೂ ಪೂಜೆ ಮಾಡುತ್ತಾ ಬಂದು, ಸ್ಟೇಜಿನ ಮೇಲೆ ಕರೆಂಟಿಗೆ ಸಿಕ್ಕಿಸಿದ್ದ ಆಂಪನ್ನೂ ಬಿಡಲಿಲ್ಲ. ಕುಂಕುಮ ಕಲಸಿ ಬಳಿದರು, ನೀರು ಸೋರುತ್ತಿದ್ದ ಚೆಂಡುಹೂವಿನ ಹಾರ ಹೊದಿಸಿದರು. ಬೇಡ ಅನ್ನುವುದು ಹೇಗೆ, ದೇವರ ಕೆಲಸ.

ಐದು ಹಾಡು ಬಾರಿಸಿದೆವು. ಚಪ್ಪಾಳೆ ಬಂತು. ಮ್ಯಾನೇಜರು ಬೇಸ್‌ನವನೊಬ್ಬನಿಗೇ ಶಾಲು ಹೊದಿಸಿ, ಮೈಕಿನಲ್ಲಿ, "ಎಲ್ಲರಿಗಿಂತ ಈ ದಪ್ಪ ತಂತಿಯವರ ಶಬ್ದ ಹಿತವಾಗಿತ್ತು," ಅಂದರು. ಅವನು ಕೈಮುಗಿದು ನಿಂತಿದ್ದ, ಮುಖ ಮಾತ್ರ ಒಂಥರಾ ಇತ್ತು.

ವಾಪಸ್ ಬರುವಾಗ ಗೂಡ್ಸ್ ಆಟೋದ ಹಿಂದೆ ಕೂತಿದ್ದೆವು. "ಹಾರದ ನೀರು ಒಳಗಿಳಿದು ಮೊದಲ್ನೇ ಹಾಡಿಗೇ ಫ್ಯೂಸ್ ಹೋಯ್ತು ಕಣ್ರೋ," ಅಂದ. "ಐದು ಹಾಡೂ ಸುಮ್ನೆ ತಲೆ ಆಡ್ಸಿದೀನಿ."

ದೇವನಹಳ್ಳಿ ಬರುವ ತನಕ ನಕ್ಕೆವು. ಅವನೂ ಶಾಲಿನಲ್ಲಿ ಕಣ್ಣೊರೆಸಿಕೊಂಡು ನಕ್ಕ. ಆಮೇಲೆ, "ಹಂಗಾದ್ರೆ ನಾನಿಲ್ದಿದ್ರೂ ನಡೀತದೆ ಅನ್ನು," ಅಂದ.

"ನಡೀತದೆ ಬಿಡೋ," ಅಂದೆ ನಾನು.

ತಮಾಷೆಗೆ ಅಂದಿದ್ದು. ಅವನು ಹೋದಮೇಲೆ ಮೂರೇ ಜನ ಒಂದು ಸಲ ಕೂತು ನೋಡಿದೆವು. ಅರ್ಧ ಹಾಡಿಗೆ ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋದೆವು. ನಡೆಯಲಿಲ್ಲ.

೪. ಗೇಟಿನ ಹತ್ತಿರ

ಆ ಪೆಟ್ಟಿಗೆ ಎತ್ತುವುದಕ್ಕೆ ನಾಲ್ಕೂ ಜನ ಬೇಕು. ಮುಂದುಗಡೆ ಬಲಮೂಲೆ ಅವನದು. ಅವರ ಮನೆಯ ಗೇಟು ಕಿರಿದು, ಎಡಕ್ಕೆ ಓರೆ ಮಾಡದೆ ಪೆಟ್ಟಿಗೆ ಆಚೆ ಬರುತ್ತಿರಲಿಲ್ಲ. ಓರೆ ಮಾಡಿ ಅಂತ ಕೂಗುವ ಕೆಲಸ ನನ್ನದು.

ಅವನ ಚಟ್ಟಕ್ಕೂ ನಾವೇ ಹೆಗಲು ಕೊಟ್ಟೆವು. ಅವನ ಮೂಲೆಗೆ ಅವನ ಸೋದರಮಾವ ಬಂದರು. ಗೇಟಿನ ಹತ್ತಿರ ನನ್ನ ಬಾಯಿ ನನ್ನನ್ನು ಕೇಳದೆ, "ಎಡಕ್ಕೆ ಓರೆ ಮಾಡ್ರೋ, ಮೂಲೆ ತಾಗ್ತದೆ," ಅಂದುಬಿಟ್ಟಿತು. ಹಾಡುವವನು, ಗಿಟಾರಿನವನು ಇಬ್ಬರೂ ಹಿಂದೆಮುಂದೆ ನೋಡದೆ ಓರೆ ಮಾಡಿಯೇಬಿಟ್ಟರು. ಹೂವೆಲ್ಲ ಒಂದು ಕಡೆಗೆ ಜಾರಿತು.

"ಲೇ, ನನ್ ಅಳಿಯ ಏನು ಸ್ಪೀಕರ್ ಏನ್ರೋ? ನೆಟ್ಟಗೆ ಹಿಡ್ಕೊಳ್ರೋ," ಅಂದರು ಸೋದರಮಾವ.

ಹಾಡುವವನ ಹೆಗಲು ಕುಲುಕತೊಡಗಿತು. ಬಾಯಿಗೆ ಟವೆಲು ತುರುಕಿಕೊಂಡ, ಕಣ್ಣಲ್ಲಿ ನೀರು ಧಾರಾಕಾರ. ಒಬ್ಬ ಅಜ್ಜಿ ಪಕ್ಕದಲ್ಲೇ ನಡೆಯುತ್ತಾ ಅವನ ಬೆನ್ನು ಸವರಿ, "ಅಳ್ಬ್ಯಾಡ ಮಗಾ, ಅಷ್ಟೊಂದು ಅಳ್ಬಾರ್ದು," ಅಂದರು. ಅವರು ಸಮಾಧಾನ ಮಾಡಿದಷ್ಟೂ ಅವನಿಗೆ ನಗು ಜಾಸ್ತಿಯಾಯಿತು. ಮಣ್ಣು ಮಾಡುವ ಹೊಲ ಮುಟ್ಟುವ ಹೊತ್ತಿಗೆ ಅದು ನಿಜವಾದ ಅಳುವೇ ಆಗಿತ್ತು.

೫. ಎಡೆ

ಹನ್ನೊಂದನೇ ದಿನ ಅವರ ಹೊಲದಲ್ಲೇ, ಅವನನ್ನು ಮಣ್ಣು ಮಾಡಿದ ಕಡೆ ಎಡೆ ಇಟ್ಟರು. ಅವನಿಗೆ ಇಷ್ಟವಾದದ್ದೆಲ್ಲ ಇತ್ತು. ಮುದ್ದೆ, ಕೋಳಿ ಸಾರು, ಬೇಕರಿಯ ಎಗ್ ಪಫ್. ಎಡೆ ಇಟ್ಟು ದೂರ ಸರಿದು ನಿಲ್ಲಬೇಕು, ಕಾಗೆ ಬಂದು ಮುಟ್ಟಬೇಕು. ಮುಟ್ಟಲಿಲ್ಲ ಅಂದರೆ ಹೋದವನಿಗೆ ಏನೋ ಆಸೆ ಉಳಿದಿದೆ ಅಂತ ಲೆಕ್ಕ. ಆಗ ಒಬ್ಬೊಬ್ಬರೂ ಮುಂದೆ ಬಂದು ಮಾತು ಕೊಡಬೇಕು.

ಕಾಗೆಯೇನೋ ಇತ್ತು. ನೀಲಗಿರಿ ಮರದ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು.

"ನಿನ್ ತಂಗಿ ಮದ್ವೆ ನಾನ್ ನಿಂತು ಮಾಡ್ತೀನಿ ಬಾರಪ್ಪಾ," ಅಂದರು ಸೋದರಮಾವ. ಬರಲಿಲ್ಲ. "ನಿನ್ ಬೈಕು ಯಾರ್ಗೂ ಕೊಡಲ್ಲ ಬಾರಣ್ಣಾ," ಅಂದಳು ತಂಗಿ. ಇಲ್ಲ. ಬಿಸಿಲು ಏರಿತು, ಮುದ್ದೆ ಒಣಗಿತು.

ಕಡೆಗೆ ಅಮ್ಮ ಮುಂದೆ ಬಂದರು. ಸೆರಗು ಒಡ್ಡಿ ನಿಂತು, "ಬಾ ಕಂದಾ, ನಿನ್ ಪೆಟ್ಗೆ ನನ್ ಕಣ್ಮುಂದೇನೇ ಇರ್ತದೆ. ಯಾರೂ ಮುಟ್ಟಕ್ಕೆ ಬಿಡಲ್ಲ," ಅಂದರು.

ಕಾಗೆ ಹಾರಿತು. ಹಾರಿ ಇನ್ನೂ ದೂರದ ಮರದ ಮೇಲೆ ಹೋಗಿ ಕೂತಿತು.

ಆ ತಾಯಿಯ ಮುಖ ನೋಡುವುದಕ್ಕಾಗಲಿಲ್ಲ. ಅವರು ಕರೆದೇ ಕರೆದರು. ಬಹಳ ಹೊತ್ತಾದ ಮೇಲೆ ನಮ್ಮ ಕಡೆ ತಿರುಗಿ, "ನೀವಾದ್ರೂ ಏನಾರಾ ಹೇಳ್ರಪ್ಪಾ," ಅಂದರು.

ಸುಳ್ಳು ಹೇಳುವ ಜಾಗವಲ್ಲ ಅದು. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದೇ ಹೊರಗೆ ಬಂತು. "ಬಾರೋ ಲೇ. ಶನಿವಾರ ಪ್ರಾಕ್ಟೀಸು. ಪೆಟ್ಗೆ ಎತ್ಕೊಂಡೋಗ್ತೀವಿ."

ಕಾಗೆ ಸೀದಾ ಬಂದು ಎಗ್ ಪಫ್‌ಗೆ ಬಾಯಿ ಹಾಕಿತು.

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಗಿಟಾರಿನವನು ಕಾಲಬೆರಳಲ್ಲಿ ಮಣ್ಣು ಕೆದಕುತ್ತಾ ನಿಂತ. ಅಮ್ಮ ಕಾಗೆಯನ್ನೇ ನೋಡುತ್ತಿದ್ದರು. ಅದು ಪಫ್ ಮುಗಿಸಿ ಕೋಳಿ ಸಾರಿಗೆ ಬಂದಾಗ ಅವರ ತುಟಿಯಲ್ಲಿ ನಗು ಕಂಡಿತು. ಹನ್ನೊಂದು ದಿನಕ್ಕೆ ಅದೇ ಮೊದಲು.

"ತಗೊಂಡೋಗಿ," ಅಂದರು. "ಬದುಕಿದ್ದಾಗ್ಲೂ ಹಿಂಗೇ ಮುಂಡೇದು. ನಾನು ಊಟಕ್ ಬಾ ಅಂತ ಗಂಟ್ಲು ಹರ್ಕೊಂಡ್ರೂ ಬರ್ತಿರ್ಲಿಲ್ಲ. ನೀವು ಬೀದೀಲಿ ನಿಂತು ಒಂದ್ಸಲ ಕರೆದ್ರೆ, ಕೈ ತೊಳೀದೇನೇ ಓಡೋನು."